ಲ್ಯಾಪ್‌ಟಾಪಿನ ಹಣೆ

"ಟೀವಿ ಇನ್ನೊಂದು ಚೂರು ಈ ಕಡಿ ತಿರುಗಿಸು. ಸುಗಲಾಬಾಯಿಗೆ ಕಂಬ ಅಡ್ಡ ಬರ್ತದ" ಎಂದು ಮಗನಿಗೆ ಹೇಳಿ ಮನ್ಮಥಪ್ಪನವರು ತಾವೇ ಜಮಖಾನೆಯ ತುದಿ ಹಿಡಿದು ಜಾಡಿಸಿದರು. ಧೂಳೆದ್ದು ಪಡಸಾಲೆಯ ತುಂಬ ಹರಡಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ರಾಜೇಶ್ವರಿ ಮತ್ತೆ ಮತ್ತೆ ಫೋನ್ ತೆಗೆದು ನೋಡುತ್ತಿದ್ದಳು. ಓಣಿಯ ಜನರನ್ನೆಲ್ಲ ಕರೆದು ಕೂಡಿಸಲು ಮನೆಯಲ್ಲಿ ಬಸುರಿಯ ಕುಬುಸವೂ ಇಲ್ಲ, ಮದುವೆಯ ನಿಶ್ಚಯವೂ ಇಲ್ಲ. ಟೀವಿಯಲ್ಲಿ ಒಂದು ನಗೆ ಧಾರಾವಾಹಿ, ಅದರಲ್ಲಿ ಅವಳ ಹೆಸರು ಬರುವುದಿತ್ತು, ಅಷ್ಟೇ.

ಧಾರಾವಾಹಿಯ ಹೆಸರು 'ನೀವು ಮ್ಯೂಟ್‌ನಲ್ಲಿದ್ದೀರಿ'. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವರ ಪಡಿಪಾಟಲು. ಮೀಟಿಂಗಿನ ಮೇಲೆ ಮೀಟಿಂಗು, ಯಾರೋ ಮಾಡಿದ ತಪ್ಪಿಗೆ ಇನ್ಯಾರೋ ಬೈಸಿಕೊಳ್ಳುವುದು, ಸಂಬಳ ಹೆಚ್ಚಿಸಿ ಎಂದರೆ ಪಿಜ್ಜಾ ತರಿಸುವ ಮ್ಯಾನೇಜರು. ಜಹೀರಾಬಾದಿನ ಧಾನ್ಯಪೇಟೆಯಾದ ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡಿ ತಲೆ ಬೆಳ್ಳಗಾದ ಮನ್ಮಥಪ್ಪನವರಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ ನಿಜ, ಆದರೆ ಆ ಮ್ಯಾನೇಜರನನ್ನು ಅವರು ಮೊದಲ ವಾರವೇ ಗುರುತು ಹಿಡಿದುಬಿಟ್ಟಿದ್ದರು. "ಇಂವ ನಮ್ಮ ಗಂಜಿನ ದಲಾಲಿ ಇದ್ದಾಂಗ ಇದ್ದಾನ. ಕೆಲಸ ಮಂದೀದು, ಮಾತು ಇವಂದು" ಎಂದು ತೊಡೆ ತಟ್ಟಿ ನಗುತ್ತಿದ್ದರು. ಆಮೇಲೆ ಒಂದು ವಾರವೂ ತಪ್ಪಿಸಲಿಲ್ಲ.

ಅದನ್ನು ಬರೆಯುವವರಲ್ಲಿ ಒಬ್ಬಳು ಸ್ವರೂಪಾ. ಹೈದರಾಬಾದಿನಲ್ಲಿ ರಾಜೇಶ್ವರಿಯ ಜೊತೆ ಒಂದೇ ಕೋಣೆಯಲ್ಲಿದ್ದು, ಒಂದೇ ಕಂಪನಿಯಲ್ಲಿ ದುಡಿದು, ಒಂದು ದಿನ ಸಾಕಪ್ಪಾ ಸಾಕು ಎಂದು ಎದ್ದು ಹೋದವಳು. ರಾಜೇಶ್ವರಿ ಮದುವೆಯಾಗಿ ಬಂದು ಜಹೀರಾಬಾದಿನ ಮನೆಯಿಂದಲೇ ಅದೇ ಕಂಪನಿಯ ಕೆಲಸ ಮುಂದುವರಿಸಿದ್ದಳು. ಸ್ವರೂಪಾ ಆಗಾಗ ಫೋನ್ ಮಾಡಿ "ರಾಜೀ, ಆಫೀಸಿನ್ಯಾಗ ಹೊಸಾದೇನರ ಆಗ್ಯದೇನ?" ಎಂದು ಕೇಳುವಳು. ಇವಳು ಹೇಳುವಳು, ಇಬ್ಬರೂ ನಗುವರು. ಆ ಉಪಕಾರಕ್ಕೆ ಈ ವಾರದಿಂದ ಇವಳ ಹೆಸರೂ ಹಾಕುತ್ತೇವೆಂದು ಸ್ವರೂಪಾ ಹೇಳಿದಾಗ ರಾಜೇಶ್ವರಿ ಹಿಗ್ಗಿ ಹೀರೇಕಾಯಿಯಾಗಿ ಮನೆಯವರಿಗೆಲ್ಲ ಹೇಳಿದ್ದಳು. ಯಾಕಾದರೂ ಹೇಳಿದೆನೋ ಎಂದು ಈಗ ಅನ್ನಿಸುತ್ತಿತ್ತು.

ಮಧ್ಯಾಹ್ನ ಸ್ವರೂಪಾಳ ಸಂದೇಶ ಬಂದಿತ್ತು: "ಇವತ್ತು ನಿಮ್ಮ ಮಾವಾರ ವಿಭೂತಿ ಕಥಿ! ಮುದುಕನ ಪಾರ್ಟು ಮಾಡ್ದಾಂವ ನಗಿಸಿ ನಗಿಸಿ ಸಾಯಿಸ್ಯಾನ." ಅದರ ಜೊತೆ ಒಂದು ಚಿತ್ರ. ದೊಡ್ಡ ರುಮಾಲಿನ, ಹಲ್ಲು ಮುಂದೆ ಬಂದ ಮುದುಕನೊಬ್ಬ ಲ್ಯಾಪ್‌ಟಾಪಿನ ಮುಂದೆ ಪೆದ್ದನಂತೆ ಕಣ್ಣರಳಿಸಿ ನಿಂತಿದ್ದ. ರಾಜೇಶ್ವರಿ ತಿರುಗಿ ಫೋನ್ ಮಾಡಿದರೆ ಸ್ವರೂಪಾ ಎತ್ತಲಿಲ್ಲ.

ಅದು ಹೋದ ದಸರೆಯ ಮಾತು. ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ. ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ಅಂದು ವಿಭೂತಿ ಹಚ್ಚಿ ಹೂವೇರಿಸುವುದು ಮನ್ಮಥಪ್ಪನವರ ಪಾಲಿನ ಕೆಲಸ. ತಕ್ಕಡಿಗೆ ಹಚ್ಚಿದರು, ಕುಡುಗೋಲಿಗೆ ಹಚ್ಚಿದರು, ಮಗನ ಮೋಟರ್‌ಸೈಕಲ್ಲಿಗೆ ಹಚ್ಚಿದರು. ಸೊಸೆ ದುಡಿಯುವುದು ಯಾವುದರಿಂದ? ಲ್ಯಾಪ್‌ಟಾಪಿನಿಂದ. ಅದನ್ನು ಬಿಟ್ಟರೆ ಹೇಗೆ? ಅವಳು ಸ್ನಾನಕ್ಕೆ ಹೋದಾಗ ಕೋಣೆಗೆ ಹೋಗಿ, ತೆರೆದಿಟ್ಟ ಲ್ಯಾಪ್‌ಟಾಪನ್ನು ಮೇಲಿಂದ ಕೆಳಗೆ ನೋಡಿ, ಕೆಳಗಿನದು ಹೊಟ್ಟೆ, ನಿಂತದ್ದು ಮುಖ, ಮುಖದ ಮೇಲಂಚೇ ಹಣೆ ಎಂದು ತೀರ್ಮಾನಿಸಿ, ನೀರಿನಲ್ಲಿ ತೇಯ್ದ ವಿಭೂತಿಯನ್ನು ಮೂರು ಬೆರಳಿನಿಂದ ಅಲ್ಲಿ ಬಳಿದರು. ಕ್ಯಾಮೆರಾದ ಕಣ್ಣು ಇರುವುದು ಸರಿಯಾಗಿ ಆ ಹಣೆಯಲ್ಲೇ ಎಂಬುದು ಪಾಪ ಅವರಿಗೇನು ಗೊತ್ತು!

ಅಮೆರಿಕದವರಿಗೆಲ್ಲಿಯ ಖಂಡೆಪೂಜೆ. ಅಂದು ಸಂಜೆಯೇ ರಾಜೇಶ್ವರಿ ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಅವರಿಗೆ ತೋರಿಸಬೇಕಿತ್ತು. ಸೀರೆ ಉಟ್ಟು, ತಲೆ ಬಾಚಿ, ಹಬ್ಬದ ಗಡಿಬಿಡಿಯಲ್ಲಿ ಮೇಲಂಚಿನ ವಿಭೂತಿ ಗಮನಿಸದೆ ಕುಳಿತರೆ ಪರದೆಯ ಮೇಲೆ ಅವಳ ಮುಖವೇ ಇಲ್ಲ, ಬರೀ ಬಿಳಿ ಮಂಜು. ನಿಮ್ಮ ಊರಲ್ಲಿ ಹಿಮ ಬೀಳುತ್ತದೆಯೇ ಎಂದು ಅಮೆರಿಕದವನೊಬ್ಬ ಕೇಳಿದ. ಎಲ್ಲರೂ ನಕ್ಕರು. ಕ್ಯಾಮೆರಾ ಒರೆಸಿಕೊಂಡು ಕೂಡುವಷ್ಟೂ ಶಿಸ್ತಿಲ್ಲವೇ ಎಂದು ಅವಳ ಮ್ಯಾನೇಜರು ಎಲ್ಲರೆದುರಿಗೆ ಜಾಡಿಸಿದ.

ಸ್ವರೂಪಾಳಿಗೆ ರಾಜೇಶ್ವರಿ ಹೇಳಿದ್ದು ಇಲ್ಲಿಯವರೆಗೆ. ಮುಂದಿನದನ್ನು ನುಂಗಿದ್ದಳು. ಅಂದು ಅವಳು ಕೋಣೆಯಿಂದ ಧಡಧಡ ಹೊರಬಂದು, ಹೋಳಿಗೆ ಊಟಕ್ಕೆ ಕುಳಿತಿದ್ದ ಮಾವನ ಮುಂದೆ ನಿಂತು, "ತಿಳೀದಿದ್ರ ಮುಟ್ಟಬ್ಯಾಡ್ರಿ! ನನ್ನ ಸಾಮಾನಕ್ಕ ಯಾರೂ ಕೈ ಹಚ್ಚಬ್ಯಾಡ್ರಿ! ಮಂದಿ ಮುಂದ ನನ್ನ ಮಾನ ಕಳದ್ರಿ!" ಎಂದು ಗಂಟಲು ಹರಿಯುವಂತೆ ಕೂಗಾಡಿದ್ದಳು. ಬಡಿಸುತ್ತಿದ್ದ ಅತ್ತೆ ಪಾರ್ವತಿಬಾಯಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟಿದ್ದರು. ಮನ್ಮಥಪ್ಪನವರು ತಟ್ಟೆಯಲ್ಲಿ ಬಿಟ್ಟೇಳಬಾರದೆಂದು ಉಳಿದ ಹೋಳಿಗೆಯನ್ನು ತಲೆ ತಗ್ಗಿಸಿ ತಿಂದು ಮುಗಿಸಿ, ತಟ್ಟೆ ತೊಳೆದಿಟ್ಟು ಹೊರಗೆ ಹೋದರು. ಅಂದಿನಿಂದ ಅವರು ಅವಳ ಕೋಣೆಗೆ ಕಾಲಿಟ್ಟಿರಲಿಲ್ಲ. ಏನಾದರೂ ಹೇಳುವುದಿದ್ದರೆ ಹೊಸ್ತಿಲಾಚೆ ನಿಂತು ಹೇಳಿ ಹೋಗುವರು. ಅವಳು ಕ್ಷಮೆ ಕೇಳಬೇಕೆಂದುಕೊಂಡಳು, ಇವತ್ತು ನಾಳೆ ಎನ್ನುತ್ತ ಅದು ಹಾಗೇ ಉಳಿದುಹೋಯಿತು.

ಈಗ ಅದೇ ಕಥೆಯನ್ನು ಓಣಿಯವರ ಜೊತೆ ಕುಳಿತು ಅವರು ನೋಡಬೇಕು! ಬೈದದ್ದು ಸಾಲದೆಂದು ಊರವರಿಗೆಲ್ಲ ಹೇಳಿ ನಗಿಸಿದಳಲ್ಲ ಎಂದು ಮಾವ ಅಂದುಕೊಂಡರೆ ಅವಳು ಯಾವ ಮುಖ ಹೊತ್ತು ಈ ಮನೆಯಲ್ಲಿರಬೇಕು?

ಗಂಡ ಪ್ರವೀಣಕುಮಾರನನ್ನು ಅಡುಗೆಮನೆಗೆ ಕರೆದು ಚಿತ್ರ ತೋರಿಸಿದಳು. "ರೀ, ಏನರ ಮಾಡ್ರೀ. ಕೇಬಲ್ ಕಿತ್ತಿಬಿಡ್ರಿ."

"ಕಿತ್ತಿದ್ರ ಅಪ್ಪ ಮಂದೀನ ಕರಕೊಂಡು ಬಾಜೂ ಮನಿಗಿ ಹೋಗ್ತಾನ. ಬೆಳಗ್ಗಿಂದ ಅದೇ ನಡಸ್ಯಾನ. ನೀ ಖುದ್ದ ಹೇಳಿ ನೋಡು."

ಅವಳು ಸೆರಗು ಸರಿಮಾಡಿಕೊಂಡು ಹೋಗಿ, "ಮಾವಾರ, ಇವತ್ತಿಂದು ಅಷ್ಟೇನೂ ಚಂದ ಇಲ್ಲಂತರಿ. ಮುಂದಿನ ವಾರ ಕರಿಯೋಣ್ರಿ ಎಲ್ಲಾರಿಗೂ" ಎಂದಳು.

"ಅಯ್ಯ, ಚಂದ ಇರಲಿ ಬಿಡಲಿ, ನಿನ್ನ ಹೆಸರು ಬರ್ತದಲ್ಲವ್ವಾ" ಎಂದರು ಮನ್ಮಥಪ್ಪನವರು, ಅವಳ ಮುಖ ನೋಡದೆ. "ತಾಂಡೂರಿಗಿ ನಿಮ್ಮ ಅಪ್ಪಾರಿಗೂ ಫೋನ್ ಹಚ್ಚೀನಿ. ಫರಸಿ ಕಲ್ಲು ಲೋಡ್ ಮಾಡೋದು ಬಿಟ್ಟು ಟೀವಿ ಮುಂದ ಕೂಡರಿ ಅಂತ ಹೇಳೀನಿ."

ಆತು, ತವರಿಗೂ ಸುದ್ದಿ ಮುಟ್ಟಿತ್ತು. ರಾಜೇಶ್ವರಿ ಒಳಗೆ ಬಂದಳು.

ಹೊತ್ತಿಗೆ ಸರಿಯಾಗಿ ಜನ ಬಂದರು. ಎದುರು ಮನೆಯ ಸುಗಲಾಬಾಯಿ ಗೋಡೆಗೊರಗಿ ಕಾಲು ಚಾಚಿದಳು. ಬಸ್ ಕಂಡಕ್ಟರನಾಗಿ ನಿವೃತ್ತನಾದ ಪಾಂಡಪ್ಪ ಕುರ್ಚಿ ಹಿಡಿದ. ಮನ್ಮಥಪ್ಪನವರು ಎಲ್ಲರ ಮುಂದೆ, ಟೀವಿಯ ಹತ್ತಿರ ಕುಳಿತರು. ಬಾಗಿಲಲ್ಲಿ ನಿಂತ ರಾಜೇಶ್ವರಿಗೆ ಅವರ ಬೆನ್ನು ಮತ್ತು ಕಿವಿ ಮಾತ್ರ ಕಾಣುತ್ತಿದ್ದವು. ಶುರುವಿಗೇ ಹೆಸರು ಬಂತು: 'ಕಥಾ ಸಹಾಯ: ರಾಜೇಶ್ವರಿ, ಜಹೀರಾಬಾದ್'. ಚಪ್ಪಾಳೆ ಬಿತ್ತು. ಊರ ಹೆಸರು ನೋಡಿ ಪಾಂಡಪ್ಪ ಸಿಳ್ಳು ಹಾಕಿದ. ಅವಳು ಅಳುವವರ ಹಾಗೆ ನಕ್ಕಳು.

ಆಮೇಲೆ ಆ ಮುದುಕ ಬಂದ. ರುಮಾಲು ಸರಿಪಡಿಸಿಕೊಂಡು, ಲ್ಯಾಪ್‌ಟಾಪನ್ನು ಸುತ್ತಿ ಸುತ್ತಿ ನೋಡಿ, "ಎಲ್ಲೈತಪ್ಪಾ ನಿನ್ನ ಹಣಿ?" ಎಂದು ಅದನ್ನೇ ಕೇಳಿದ. ಪಡಸಾಲೆ ಹೋ ಎಂದಿತು. ಅವನು ವಿಭೂತಿ ಬಳಿದ. ಬಳಿದು ಲ್ಯಾಪ್‌ಟಾಪಿಗೆ ಕೈಮುಗಿದ. ಪರದೇಶದವನು ಹಿಮ ಬೀಳುತ್ತಿದೆಯೇ ಎಂದ. ಸುಗಲಾಬಾಯಿ ಹೊಟ್ಟೆ ಹಿಡಿದುಕೊಂಡು "ಯವ್ವಾ, ಸತ್ತೆನ್ರೇ" ಎನ್ನುತ್ತ ಹೊರಳಾಡಿದಳು. ಮನ್ಮಥಪ್ಪನವರ ಬೆನ್ನು ಅಲುಗಲಿಲ್ಲ. ವಾರವಾರವೂ ತೊಡೆ ತಟ್ಟಿ ನಗುತ್ತಿದ್ದ ಮನುಷ್ಯ ಕಲ್ಲಿನಂತೆ ಕುಳಿತಿದ್ದರು. ಅವರಿಗೆ ತಿಳಿದುಹೋಯಿತು, ಖಂಡಿತ ತಿಳಿದುಹೋಯಿತು ಎಂದುಕೊಂಡು ರಾಜೇಶ್ವರಿ ಬಾಗಿಲಿನ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಟೀವಿಯ ಸೊಸೆ ಹೊರಗೆ ಓಡಿಬಂದಳು. ಮುದುಕ ಬೆದರಿ ನಿಂತ. ಆ ಸೊಸೆ ಒಂದು ಗಳಿಗೆ ಅವನನ್ನು ನೋಡಿ, ಪಕ್ಕನೆ ನಕ್ಕು, ತಲೆ ಬಾಗಿಸಿ, "ಅದರ ಹಣೆಗೆ ಹಚ್ಚಿದಿರಿ, ನನ್ನ ಹಣೆ ಏನು ಮಾಡಿತ್ತು ಮಾವಯ್ಯ?" ಎಂದಳು. ಮುದುಕ ಮೂರು ಬೆರಳಿನಿಂದ ಅವಳ ಹಣೆಗೆ ವಿಭೂತಿ ಹಚ್ಚಿದ. ಸಂಗೀತ ಬಂತು, ಜಾಹೀರಾತು ಬಂತು.

ಪಾಂಡಪ್ಪನ ಬಾಯಿ ಸುಮ್ಮನಿರಬೇಕಲ್ಲ. "ಮನ್ಮಥಪ್ಪಾರ, ಇದು ನಿಮ್ಮ ಮನೀದೇ ಕಥಿ ಇದ್ದಾಂಗ ಅದ ನೋಡ್ರಿ. ಖರೇ ಹೇಳ್ರಿ, ಆ ಮುದುಕ ನೀವೇ ಹೌದಲ್ಲೋ?"

ಎಲ್ಲರೂ ಅವರ ಕಡೆ ತಿರುಗಿದರು.

"ಹೌದಪ್ಪಾ, ನಾನೇ" ಎಂದರು ಮನ್ಮಥಪ್ಪನವರು. "ಕ್ಯಾಮೆರಾ ಹಣ್ಯಾಗ ಇರ್ತದಂತ ನನಗೇನು ಕನಸು ಬಿದ್ದಿತ್ತೇನು?"

ಮತ್ತೆ ನಗೆ ಎದ್ದಿತು. ಸುಗಲಾಬಾಯಿ ಕಣ್ಣೊರೆಸಿಕೊಳ್ಳುತ್ತ ಕೇಳಿದಳು: "ಮತ್ತ ಸೊಸಿ ಏನಂದ್ಲರಿ ಆವತ್ತ?"

ಅವರು ಜಮಖಾನೆಯ ಅಂಚು ಸರಿಮಾಡಿದರು. "ಏನಂತಾಳ? ಈಗ ನೋಡಿದ್ರಲ್ಲ, ಹಾಂಗೇ. ನಕ್ಕಳು. ನನಗೂ ಹಚ್ಚರಿ ಮಾವಾರ ಅಂತ ತಲಿ ಬಾಗಿಸಿದಳು. ಹಚ್ಚಿದೆ. ಒಂದ್ ಮಾತು ಅನಲಿಲ್ಲ ನನಗ."

ಪಾರ್ವತಿಬಾಯಿ ಗಂಡನ ಮುಖ ನೋಡಿದರು. ನೋಡಿ, ಮಡಿಲಲ್ಲಿದ್ದ ಅವರೆಕಾಯಿ ಬಿಡಿಸತೊಡಗಿದರು.

"ಹಾ! ಇಂಥ ಸೊಸಿ ಸಿಗಾಕ ಪುಣ್ಯ ಮಾಡಿರಬೇಕು ನೋಡ್ರಿ" ಎನ್ನುತ್ತ ಸುಗಲಾಬಾಯಿ ಮೊಳಕಾಲಿಗೆ ಕೈಯೂರಿ ಎದ್ದಳು. "ನಮ್ಮಾಕಿ ಇದ್ದಿದ್ರ ಹರದು ಹನ್ನೆರಡು ಮಾಡ್ತಿದ್ಲು. ಬಾರ ತಂಗಿ ಇಲ್ಲಿ, ದೃಷ್ಟಿ ತಗೀತೀನಿ, ಓಣೀದೆಲ್ಲಾ ಕಣ್ಣು ನಿನ್ನ ಮ್ಯಾಲೇ ಅದ."

ರಾಜೇಶ್ವರಿ ಕಾಲು ಕೀಳಲಿಲ್ಲ. ಸುಗಲಾಬಾಯಿಯೇ ಬಂದು ಎರಡೂ ಅಂಗೈಯಿಂದ ಅವಳ ಮುಖ ನೀವಿ, ತನ್ನ ಕಪಾಳಕ್ಕೆ ಬೆರಳೊತ್ತಿ ಲಟಿಗೆ ಮುರಿದಳು. ಬೆರಳುಗಳೆಲ್ಲ ಲಟಲಟ ಅಂದವು. "ನೋಡ್ರೇ, ಎಷ್ಟು ದೃಷ್ಟಿ ಆಗಿತ್ತು ಕೂಸಿಗಿ!" ಎಂದು ಅವಳು ಎಲ್ಲರಿಗೂ ಕೈ ತೋರಿಸಿದಳು. ರಾಜೇಶ್ವರಿ ತಲೆ ಎತ್ತಲಿಲ್ಲ. ಮನ್ಮಥಪ್ಪನವರು ಟೀವಿಯ ಕಡೆಗೇ ಮುಖ ಮಾಡಿ, ಸಾಬೂನಿನ ಜಾಹೀರಾತನ್ನು ಕಣ್ಣು ಕೀಳದೆ ನೋಡುತ್ತ ಕುಳಿತಿದ್ದರು.