ಬೆನ್ನು ತೋರಿಸಬಾರದ ಬಸವ

ಮರಿಬಸಪ್ಪ ರೈಲು ಹಳಿಯ ನಡುವೆ ನಿಂತುಬಿಟ್ಟಿತ್ತು.

ಬಾಲರಾಜು ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡು ಎಳೆಯುತ್ತಿದ್ದ. ಬಿಡದಿಯ ಕಾರ್ಖಾನೆಯಲ್ಲಿ ಅವನಿಗಂದು ವಾರದ ರಜೆ. ಹಿಂದಿನಿಂದ ಅವನ ಅಪ್ಪ ಬೈರಪ್ಪ ಭುಜ ಕೊಟ್ಟು ತಳ್ಳುತ್ತಿದ್ದ. ಎಳೆದಷ್ಟೂ ಹೋರಿ ಗೊರಸುಗಳನ್ನು ಜಲ್ಲಿಯೊಳಗೆ ಊರಿ ಬಂಡೆಯಾಗುತ್ತಿತ್ತು.

ಹಳಿಯಾಚೆಯ ಹೊಂಗೆ ತೋಪಿನಲ್ಲಿ ಮರಳವಾಡಿಯ ನರಸಯ್ಯ ಬೆದೆಗೆ ಬಂದ ಹಸುವನ್ನು ಕಟ್ಟಿಕೊಂಡು ಕಾದಿದ್ದ. ಮರಿಬಸಪ್ಪನಿಗೆ ಇದೇ ಮೊದಲ ಹಸು.

"ಏನ್ಲಾ ಬಾಲರಾಜ, ಮದ್ವೆ ಗಂಡು ನಾಚ್ಕತಾ ಐತಾ?"

"ನೀನೇ ಬಂದು ಒಸಿ ಕರ್ಕಂಡೋಗು, ಬೀಗರ ಕಡೆಯೋನು!"

ಬಾಲರಾಜುವಿನ ಅವ್ವ ಮುನಿಯಮ್ಮ ಆಗಲೇ ಹಳಿ ದಾಟಿದ್ದಳು. ಅರಿಶಿನ ಕುಂಕುಮದ ತಟ್ಟೆ ಹಿಡಿದು, ಹೋರಿಗೆ ಮುಖ ಕೊಟ್ಟು, ಮನೆಯಿಂದಲೂ ಹಿಮ್ಮುಖವಾಗಿಯೇ ನಡೆದು ಬಂದಿದ್ದಳು. ದೇವರಿಗೆ ಬಿಟ್ಟ ಬಸವನಿಗೆ ಬೆನ್ನು ತೋರಿಸಬಾರದು. ಆ ಮನೆಯವರು ಕೊಟ್ಟಿಗೆಯಿಂದ ಹೊರಬರುವುದೂ ಗರ್ಭಗುಡಿಯ ಮುಂದಿನಿಂದ ಸರಿಯುವ ಹಾಗೆ, ಹಿಂದಿಂದಕ್ಕೇ.

ಚನ್ನಪಟ್ಟಣದ ಕಡೆಯಿಂದ ರೈಲು ಕೂಗಿತು.

ನರಸಯ್ಯನ ನಗು ನಿಂತಿತು. ಬಾಲರಾಜು ಇನ್ನೂ ಜೋರಾಗಿ ಜಗ್ಗಿದ. ಮೂಗುದಾರದ ಬಳಿ ರಕ್ತ ಜಿನುಗಿತು. ಹೋರಿ ಕದಲಲಿಲ್ಲ.

ಇದರ ಅಪ್ಪ ದೊಡ್ಡಬಸಪ್ಪ ತೀರಿಕೊಂಡದ್ದು ಹೋದ ಕಾರ್ತೀಕದಲ್ಲಿ. ಉಯ್ಯಂಬಳ್ಳಿಯಿಂದ ಮಾಗಡಿಯವರೆಗೆ ಅದರ ಕರುಗಳನ್ನು ಯಾರೂ ಹೇಳಿಕೊಡದೆಯೇ ಜನ ಗುರುತಿಸುತ್ತಿದ್ದರು. ಹೆಣ್ಣಾದರೆ ಕರು ಬಿಡದಿದ್ದರೂ ಹಾಲು ಸುರಿಸುವುದು. ಗಂಡಾದರೆ ಹೆಸರು ಕೂಗಿದೊಡನೆ ಎಡಗಿವಿ ಮಾತ್ರ ಹೊರಳಿಸುವುದು. ಹೆಣ್ಣಾಗಲಿ ಗಂಡಾಗಲಿ, ಬೈದು ಹಾಕಿದ ಹುಲ್ಲನ್ನು ಮೂಸಿಯೂ ನೋಡುತ್ತಿರಲಿಲ್ಲ. ಗಂಡುಗಳನ್ನೆಲ್ಲ ಬೀಜ ಒಡೆಸಿ ನೇಗಿಲಿಗೆ ಕಟ್ಟಿದ್ದರು. ಬಿತ್ತನೆಗೆಂದು ಉಳಿದದ್ದು ಇದೊಂದೇ. ಇದು ಹೋದರೆ ಆ ವಂಶ ಇಲ್ಲಿಗೇ ಮುಗಿಯಿತು.

ಮುನಿಯಮ್ಮನಿಗೆ ಹಿತ್ತಲು ನೆನಪಾಯಿತು. ಒಮ್ಮೆ ಅಲ್ಲಿ ಒಣಹಾಕಿದ್ದ ಅವರೆಕಾಳನ್ನೆಲ್ಲ ದೊಡ್ಡಬಸಪ್ಪ ತಿಂದಿತ್ತು. ದೇವರನ್ನು ಬೈಯುವುದು ಹೇಗೆ? ಅವಳು ಗೋಡೆಗೆ ಮುಖ ಮಾಡಿ, ಅದಕ್ಕೆ ಬೆನ್ನು ಹಾಕಿ ಕುಳಿತಳು. ಸ್ವಲ್ಪ ಹೊತ್ತಿಗೆ ಹೆಗಲ ಮೇಲೆ ಒದ್ದೆ ಮೂತಿ. ತನ್ನಿಂದ ಮುಖ ತಿರುಗಿಸಿಕೊಂಡರೆ ಆ ಜೀವ ತಡೆಯುತ್ತಿರಲಿಲ್ಲ. ಆಮೇಲೆ ಹೊಲದಲ್ಲಿ ಅದು ಹಟ ಹಿಡಿದಾಗಲೆಲ್ಲ, ಯಾರೂ ಇಲ್ಲದ್ದು ನೋಡಿ, ಅವಳು ಸುಮ್ಮನೆ ತಿರುಗಿ ನಡೆದುಬಿಡುತ್ತಿದ್ದಳು. ಅದು ಹಿಂದೆಯೇ ಬರುತ್ತಿತ್ತು. ಅದರ ಮಗ ಮರಿಬಸಪ್ಪನಿಗೆ ಆ ಗುಣ ಇಳಿದಿದೆಯೋ ಇಲ್ಲವೋ ಯಾರಿಗೆ ಗೊತ್ತು? ಇದಕ್ಕೆ ಇವತ್ತಿನವರೆಗೂ ಯಾರೂ ಬೆನ್ನು ತೋರಿಸಿರಲಿಲ್ಲ.

"ಬುಡ್ಲಾ ಮಗಾ ಹಗ್ಗವ!"

"ಬುಟ್ರೆ ಇಲ್ಲೇ ನಿಂತು ಸಾಯ್ತದೆ ಕಣವ್ವಾ!"

"ಇಡ್ಕಂಡ್ರೆ ಜೊತೇಲಿ ನೀನೂ ಸಾಯ್ತೀಯ. ಬುಡು! ನೀವೂ ಹಿಂದಕ್ಕೆ ಸರ್ಕಳಿ. ನಾನು ಅವನ್ಗೆ ಬೆನ್ನು ತೋರುಸ್ತೀನಿ."

"ಬಸಪ್ಪಂಗಾ?" ಬೈರಪ್ಪ ಚೀರಿದ. "ತಲೆ ಕೆಟ್ಟೈತೇನೆ ನಿಂಗೆ?"

"ಅವರಪ್ಪಂಗೂ ತೋರ್ಸಿದ್ದೆ. ಆಮ್ಯಾಕೆ ಬೈಯೀರಂತೆ, ಸರೀರಿ!"

ಮತ್ತೆ ಕೂಗು. ಹಳಿ ಗುಂಯ್‌ಗುಡುತ್ತಿತ್ತು. ಬೈರಪ್ಪ ಹಿಂದಕ್ಕೆ, ಮನೆಯ ಕಡೆಯ ಬದಿಗೆ ಜಾರಿದ. ಬಾಲರಾಜು ಹಗ್ಗ ಬಿಸಾಕಿ ತೋಪಿನ ಬದಿಗೆ ನೆಗೆದು, ಮೊಣಕಾಲಲ್ಲಿ ಮುಖ ಹುದುಗಿಸಿ ಕುಳಿತ.

"ಓಗು, ನಿನ್ನ ಸಾವಾಸವೇ ಬ್ಯಾಡ," ಎಂದು ಮುನಿಯಮ್ಮ ತಿರುಗಿದಳು.

ನಡೆದಳು. ಓಡಬಾರದು, ಹೊರಳಿ ನೋಡಬಾರದು. ನೋಡಿದರೆ ಮುನಿಸು ಸುಳ್ಳೆಂದು ಅದಕ್ಕೆ ತಿಳಿದುಬಿಡುತ್ತದೆ. ನರಸಯ್ಯನ ಮುಖದಲ್ಲಾದರೂ ಏನಾಯಿತೆಂದು ಕಾಣಬಹುದೆಂದು ತಲೆಯೆತ್ತಿದಳು. ಅವನು ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದ.

ರೈಲು ಬಂತು. ನೆಲ ಅದುರಿತು. ಬಿಸಿಗಾಳಿ ಸೆರಗನ್ನು ಮುಂದಕ್ಕೆ ಹಾರಿಸಿತು. ಆ ಸದ್ದಿನಲ್ಲಿ ಹೋರಿಯ ಕೊರಳ ಗಂಟೆ ಕೇಳಿಸುವಂತಿರಲಿಲ್ಲ. ಶಿವನೇ, ನಿನ್ನ ವಾಹನ, ನಿನ್ನ ಇಷ್ಟ ಎನ್ನುತ್ತ ಅವಳು ಹೆಜ್ಜೆ ಹಾಕುತ್ತಲೇ ಇದ್ದಳು.

ಡಬ್ಬಿಗಳು ಮುಗಿದವು. ಧೂಳು ಇಳಿಯಿತು.

ಎಡಹೆಗಲ ಮೇಲೆ ಒದ್ದೆಯಾಗಿ ಏನೋ ತಾಗಿತು.

"ಅವ್ವಾ!" ಬಾಲರಾಜು ಅಳುತ್ತಿದ್ದನೋ ನಗುತ್ತಿದ್ದನೋ. ಹಳಿಯಾಚೆಯಿಂದ ಬೈರಪ್ಪ ಎಡವುತ್ತ ಓಡಿಬಂದ. "ಅವರಪ್ಪಂದೇ ಬುದ್ಧಿ! ಇದ ಯಾವಾಗ ಕಂಡ್ಕಂಡೆ ನೀನು?"

"ನಡೀರಿ, ನರಸಯ್ಯ ಕಾಯ್ತಾವ್ನೆ."

ತೋಪಿನ ನೆರಳು ಸೇರುವವರೆಗೂ ಮುನಿಯಮ್ಮ ತಿರುಗಲಿಲ್ಲ. ಅಲ್ಲಿ ತಟ್ಟೆ ಕೆಳಗಿಟ್ಟು, ಮರಿಬಸಪ್ಪನ ಎದುರು ನಿಂತು ಕೈಮುಗಿದಳು.

"ತಪ್ಪಾಯ್ತು ಕಣಪ್ಪಾ."

ಮರಿಬಸಪ್ಪ ಎಡಗಿವಿಯನ್ನಷ್ಟೇ ಅವಳತ್ತ ಹೊರಳಿಸಿ, ಮುಖವನ್ನು ಆಚೆಗೆ ತಿರುಗಿಸಿಕೊಂಡಿತು.