ಕೀಲಿಯ ಮೇಲಿನ ಕೈ

ಐದನೇ ಸಲ ಕೀಲಿ ತಿರುವಿದಾಗ ವ್ಯಾನು ಎರಡು ಸಲ ಕೆಮ್ಮಿ, ಮೈ ನಡುಗಿಸಿ, ಮತ್ತೆ ಸುಮ್ಮನಾಯಿತು. ಹಿಂದಿನ ಸೀಟು ಬಿಚ್ಚಿ ತೆಗೆದ ಜಾಗದಲ್ಲಿ ಹಲಗೆಗೆ ಆನಿಸಿ ಕೂರಿಸಿದ್ದ ಬಸಲಿಂಗಪ್ಪನ ಹೆಣವೂ ಒಮ್ಮೆ ಅಲುಗಿ ನಿಂತಿತು.

"ಪೆಟ್ರೋಲ್ ಏರಾಕತ್ತಿಲ್ಲ," ಎಂದ ಲಾರಿ ಓಡಿಸುವ ಮೈಬೂಬಸಾಬ.

"ನಿನ್ನ ಲಾರಿ ಡೀಸೆಲ್ಲಿಂದು. ಇದರ ಹೊಟ್ಟಿಬ್ಯಾನಿ ನಿನಗೇನ್ ತಿಳಿತೈತಿ?" ಎಂದ ಪಕ್ಕದ ಮನೆಯ ಹೊಳೆಪ್ಪ.

"ತಿಳಿಯೋವ ಹಿಂದ ಕುಂತಾನ. ಹೋಗಿ ಕೇಳು."

ಮಳೆ ಹನಿಯುತ್ತಲೇ ಇತ್ತು.

ಗೋವಾದ ಮಡ್ಕಯಿಯ ಕಾರ್ಖಾನೆಗಳ ಹಿಂದೆ ತಗಡು ಹೊದಿಸಿದ ನಾಲ್ಕು ಮನೆಗಳ ಓಣಿ ಅದು. ನಾಲ್ಕೂ ಸವದತ್ತಿ ಕಡೆಯವರವೇ. ನಿನ್ನೆ ಸಂಜೆ ಕೆಲಸದಿಂದ ಬಂದ ಬಸಲಿಂಗಪ್ಪ ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಮೈ ಸೆಟೆಯುವ ಮೊದಲೇ ಅವನ ಕಾಲು ಮಡಚಿ ಕೂರಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿದ್ದರು. ಬಸಲಿಂಗಪ್ಪನ ಜನರಲ್ಲಿ ಹೆಣವನ್ನು ಸುಡುವುದಿಲ್ಲ. ಕೂರಿಸಿಯೇ ಮಣ್ಣು ಮಾಡಬೇಕು. ದುಡಿಯಲು ಬಂದವರಿಗೆ ಇಲ್ಲಿ ಅಂಥ ಮಣ್ಣು ಯಾರೂ ಕೊಡುವುದಿಲ್ಲ. ಇದೇ ವ್ಯಾನಿನಲ್ಲಿ ಬಸಲಿಂಗಪ್ಪ ಓಣಿಯ ಮೂವರನ್ನು ಘಟ್ಟ ಹತ್ತಿಸಿ ಊರ ಮಣ್ಣಿಗೆ ಮುಟ್ಟಿಸಿದ್ದ. "ನನ್ನ ಮಾತ್ರ ಸುಟ್ಟೀರಿ, ನೋಡ್ರಿ ಮತ್ತ," ಎಂದು ಪ್ರತಿ ಸಲವೂ ಹೇಳುತ್ತಿದ್ದ.

ಬೆಳಿಗ್ಗೆ ಬಂದ ಆಂಬುಲೆನ್ಸಿನವನು ಒಳಗೆ ಇಣುಕಿ ನೋಡಿ, "ಮಲಗಿಸಿ ಕೊಟ್ಟರೆ ಒಯ್ಯುತ್ತೇನೆ" ಎಂದಿದ್ದ. ಈಗ ಮಲಗಿಸಬೇಕೆಂದರೆ ಮೊಣಕಾಲು ಮುರಿಯಬೇಕು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಬಾಡಿಗೆ ಗಾಡಿಯವರು ಕೂತ ಹೆಣವೆಂದೊಡನೆ ಫೋನು ಇಟ್ಟರು. ತಳ್ಳಿ ನೋಡಿದ್ದೂ ಆಗಿತ್ತು. ಕೆಂಪು ರಾಡಿಯಲ್ಲಿ ಗಾಲಿ ಹೂತವೇ ಹೊರತು ವ್ಯಾನು ಮುಂದೆ ಹೋಗಲಿಲ್ಲ.

ಹೊಳೆಪ್ಪನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಊರಿನಿಂದ ಬಸಲಿಂಗಪ್ಪನ ತಮ್ಮ ಪಾಂಡಪ್ಪ.

"ಹೊಂಟ್ರಿ ಇಲ್ಲೋ? ಕುಣಿಗೆ ನೀರು ಬರಾಕತ್ತೈತಿ. ಬಕೀಟಲೆ ತೋಡಿ ತೋಡಿ ಚೆಲ್ಲಾಕತ್ತೇವಿ. ಕತ್ತಲಾದ್ರ ದಂಡಿ ನಿಂದರೂದಿಲ್ಲೋ ಮಾರಾಯಾ!"

"ಹೊಂಟೇವಿ," ಎಂದು ಹೊಳೆಪ್ಪ ಸುಳ್ಳು ಹೇಳಿದ.

ಹೆಣದ ಪಕ್ಕ ಕುಳಿತಿದ್ದ ಹೆಂಡತಿ ಮುರುಗೆವ್ವ ಆಗ ಕೆಳಗಿಳಿದಳು.

"ಪೆಟ್ರೋಲಿನ ವಾಸನಿ ಬರಾಕತ್ತೈತಿ. ಪೆಟ್ರೋಲ್ ಐತಿ. ಕಿಡಿ ಇಲ್ಲ."

*

ಮಳೆಗಾಲ ಬಂತೆಂದರೆ ಆ ಮನೆಯಲ್ಲಿ ಬೆಳಗಾಗುತ್ತಿದ್ದುದು ಹೀಗೆ. ಮುರುಗೆವ್ವ ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ತಿರುವಬೇಕು. ಬಸಲಿಂಗಪ್ಪ ಪಕ್ಕದ ಸೀಟು ಎತ್ತಿ, ಕೆಳಗಿನ ಎಂಜಿನ್ನಿಗೆ ಕಿವಿಕೊಟ್ಟು ಮೊಣಕಾಲೂರಬೇಕು.

"ಮೊದಲು ಕಿವಿ, ಆಮ್ಯಾಲ ಮೂಗು. ಕೈ ಕಡೀಕ. ಎಲ್ಲಾರೂ ಮೊದಲ ಕೈ ಹಾಕತಾರ, ಅದಕ್ಕ ಕೆಡತೈತಿ."

ಅವನು ಮೆಕ್ಯಾನಿಕ್ಕನಲ್ಲ. ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಮುಚ್ಚಳ ಬಡಿಯುವವನು. ಗುಜರಿಗೆ ಹೊರಟಿದ್ದ ವ್ಯಾನನ್ನು ತಂದು, ಬಿಚ್ಚಿ, ಜೋಡಿಸಿ ಕಲಿತವನು. ಎಂಜಿನ್ ಕೆಮ್ಮಿದರೆ ಕಿಡಿ ಹಂಚುವ ಕಪ್ಪು ಟೋಪಿಯನ್ನು ಬಿಚ್ಚಿ, ಅಂಗಿಯಲ್ಲಿ ಸುತ್ತಿಕೊಂಡು ನೇರ ಅಡಿಗೆಮನೆಗೆ ಬರುತ್ತಿದ್ದ.

"ರೊಟ್ಟಿ ಹಂಚಿನ ಮ್ಯಾಲ ಅದನ್ನ ಇಡಬ್ಯಾಡ್ರಿ ಅಂತ ಎಷ್ಟ್ ಸಲ ಹೇಳಬೇಕ್ರಿ?"

"ಒಳಗ ತೇವ ಕುಂತೈತಿ. ಅರಿವಿಲೆ ಒರಸಿದ್ರ ಹೋಗೂದಿಲ್ಲ, ಕಾವಿಗೇ ಹೋಗಬೇಕು. ತಡಿ, ನಿನ್ನ ರೊಟ್ಟಿಕಿಂತಾ ಮೊದಲ ಬೇಯತೈತಿ."

ಮತ್ತೆ ಜೋಡಿಸಿದ ಮೇಲೆ ಅವನು ಹಿಂದೆ ಹೋಗಿ ಕೂರುತ್ತಿದ್ದ, ಅವಳು ಕೀಲಿ ತಿರುವುತ್ತಿದ್ದಳು. ಶಬ್ದ ಸರಿ ಬಂದರೆ ಅವನು ಮಾತಾಡುತ್ತಿರಲಿಲ್ಲ, ತಲೆಯಾಡಿಸುತ್ತಿದ್ದ. ಸಾಕು, ಬಂದ್ ಮಾಡು, ಪೆಟ್ರೋಲು ಹಾಳು ಎಂದು ಅದರ ಅರ್ಥ. ಕನ್ನಡಿಯಲ್ಲಿ ಆ ತಲೆ ಆಡಿದೊಡನೆ ಅವಳ ಬೆರಳು ತಾನಾಗಿಯೇ ಕೀಲಿ ಹಿಂದಕ್ಕೆ ತಿರುವುತ್ತಿತ್ತು. ಹನ್ನೊಂದು ಮಳೆಗಾಲ ಹೀಗೆ ಕಳೆದಿತ್ತು.

*

ಕಪ್ಪು ಟೋಪಿಯನ್ನು ಅಂಗೈಯಲ್ಲಿ ಹಿಡಿದು ಮುರುಗೆವ್ವ ಬಾಗಿಲಿಗೆ ಬಂದಾಗ ಫಕೀರವ್ವ ಅಡ್ಡ ನಿಂತಳು. ತೀರಿಹೋದವನ ಅಕ್ಕ, ಎಪ್ಪತ್ತು ದಾಟಿದವಳು.

"ಎಲ್ಲಿಗೆ?"

"ಸ್ಟೋ ಹಚ್ಚಬೇಕ್ರಿ ಯಕ್ಕಾ."

"ಹೆಣಾ ಬಾಗಲದಾಗ ಐತಿ! ಅದು ಹೊಂಡೂತನಕ ಓಣಿಯೊಳಗ ಯಾರೂ ಬೆಂಕಿ ಹಚ್ಚಿಲ್ಲ. ಹಸುಗೂಸಿಗೆ ಹಾಲು ಸೈತ ಕಾಸಿಲ್ಲ. ಕಟಗೊಂಡ ಹೆಂಡತಿ ನೀ ಒಲಿ ಹಚ್ಚತೀ?"

"ಹಚ್ಚಲಿಲ್ಲಂದ್ರ ಅದು ಹೊಂಡೂದಿಲ್ರಿ."

"ಅರಿವಿಲೆ ಒರಸ್ರಿ."

"ಎರಡ ಸಲ ಒರಸೇನವ್ವಾ," ಎಂದ ಮೈಬೂಬಸಾಬ. "ಕರೆಂಟೂ ಇಲ್ಲ. ಬ್ಯಾಟ್ರಿ ಕೂಡಾ ಇನ್ನೊಂದ ಸಲಕ್ಕ ಬಂದ್ರ ಪುಣ್ಯಾ."

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಹೊಳೆಪ್ಪ ಅದನ್ನು ಎತ್ತಲಿಲ್ಲ. ಫಕೀರವ್ವ ವ್ಯಾನಿನೊಳಗೆ ಕೂತ ತಮ್ಮನನ್ನು ನೋಡಿದಳು. ಆಮೇಲೆ ತಮ್ಮನ ಹೆಂಡತಿಯನ್ನು ಪಕ್ಕಕ್ಕೆ ಸರಿಸಿ ತಾನೇ ಒಳಗೆ ಹೋದಳು.

"ನೀ ಮುಟ್ಟಬ್ಯಾಡ. ಪಾಪ ಬಂದ್ರ ಮುದುಕಿಗೆ ಬರ್ಲಿ. ಕಡ್ಡಿಪೆಟಗಿ ಎಲ್ಲಿಟ್ಟೀ?"

ಮೂರು ಕಡ್ಡಿ ಆರಿದವು. ನಾಲ್ಕನೆಯದು ಹತ್ತಿತು. ಹಂಚಿನ ಮೇಲೆ ಟೋಪಿಯಿಟ್ಟು ಮುದುಕಿ ಅದನ್ನು ರೊಟ್ಟಿಯಂತೆಯೇ ಬೆರಳ ತುದಿಯಿಂದ ತಿರುವಿ ಹಾಕುತ್ತಿದ್ದಳು. ಬಾಯಲ್ಲಿ ಏನೋ ಬೈಗಳು, ಕಣ್ಣಲ್ಲಿ ನೀರು. ಒಳಗಿನಿಂದ ಸಣ್ಣ ಆವಿ ಎದ್ದಿತು. ಅದು ನಿಂತ ಮೇಲೆ ಸೆರಗಿನಲ್ಲಿ ಹಿಡಿದು ತಂದುಕೊಟ್ಟಳು.

ಮೈಬೂಬಸಾಬ ಅದನ್ನು ಕೂರಿಸಿ, ಸೀಟು ಮುಚ್ಚಿ, ಕೆಳಗಿಳಿದ.

"ನೀವ ತಿರುವ್ರಿ ವೈನಿ. ನಿಮ್ಮ ಕೈಗೆ ಅದು ರೂಢಿ ಐತಿ."

ಮುರುಗೆವ್ವ ಡ್ರೈವರ್ ಸೀಟು ಹತ್ತಿ ಕೀಲಿ ತಿರುವಿದಳು. ಬ್ಯಾಟರಿ ನರಳಿತು. ಇನ್ನೇನು ಸತ್ತಿತು ಎನ್ನುವಾಗ ಎಂಜಿನ್ ಒಂದು ಸಲ ಹಿಡಿಯಿತು, ತಪ್ಪಿತು, ಮತ್ತೆ ಹಿಡಿದು ಕುಂಟುತ್ತ ಕುಂಟುತ್ತ ತಿರುಗತೊಡಗಿತು. ಇಡೀ ವ್ಯಾನು ನಡುಗಿತು. ಅವಳು ಅಭ್ಯಾಸದಂತೆ ಕನ್ನಡಿ ನೋಡಿದಳು.

ಹಿಂದೆ, ವಿಭೂತಿ ಹಚ್ಚಿದ ಹಣೆ, ಸುತ್ತಿದ ರುಮಾಲು, ಸೆಟೆದ ಮೈಯೊಡನೆ ಬಸಲಿಂಗಪ್ಪನ ತಲೆ ಎಂಜಿನ್ನಿನ ತಾಳಕ್ಕೆ ಮೆಲ್ಲಗೆ ಆಡುತ್ತಿತ್ತು.

ಅವಳ ಬೆರಳು ಕೀಲಿಯನ್ನು ಹಿಂದಕ್ಕೆ ಒತ್ತತೊಡಗಿತು.

"ವೈನಿ, ಬಂದ್ ಮಾಡಬ್ಯಾಡ್ರಿ!" ಎಂದು ಮೈಬೂಬಸಾಬ ಕಿರುಚಿದ.

ಮುರುಗೆವ್ವ ಕೈ ಕಿತ್ತುಕೊಂಡಳು. ಅದು ಮತ್ತೆ ಹೋಗದಂತೆ ತೊಡೆಯ ಕೆಳಗೆ ಅದುಮಿಕೊಂಡು, ಅದರ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಕುಳಿತಳು. ಕನ್ನಡಿಯಲ್ಲಿ ಅವನು ಸಾಕು, ಸಾಕು ಎಂದು ತಲೆಯಾಡಿಸುತ್ತಲೇ ಇದ್ದ.