ವೇಸ್ಟ್ ಫೋಲ್ಡರ್

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಬಸ್ಸಿನಲ್ಲಿ ಪಕ್ಕದವನು ಕೆಮ್ಮಿದರೂ ಜೇಬು ಮುಟ್ಟಿ ನೋಡಿಕೊಳ್ಳುವ ಆಸಾಮಿ. ಅರಸೀಕೆರೆಯಲ್ಲಿ ಇಪ್ಪತ್ತಾರು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿದ್ದೇನೆ, ಹೆಸರು ಭೀಮರಾಜ್.

ಕಳೆದ ತಿಂಗಳು ಹಳೇಬೀಡಿನ ಹತ್ತಿರ ಆಗುತ್ತಿರುವ ಹೊಸ ಹೋಟೆಲಿನ ಮ್ಯಾನೇಜರ್ ಚಿದಂಬರ ಫೋನ್ ಮಾಡಿದರು. ರೂಮುಗಳ ಗೋಡೆಗೆ ಬೇಲೂರು, ಹಳೇಬೀಡಿನ ಫೋಟೋ ಬೇಕಂತೆ. ಮದುವೆ ಕೆಲಸ ಕಮ್ಮಿಯಾಗಿ ಸ್ಟುಡಿಯೋ ಮುಚ್ಚುವ ಯೋಚನೆಯಲ್ಲಿದ್ದೆ, ಇದು ಸಿಕ್ಕರೆ ಉಳಿಯುತ್ತಿತ್ತು. ಮದುವೆ ಜೋಡಿಗಳನ್ನು ಅಲ್ಲಿ ನಿಲ್ಲಿಸಿ ತೆಗೆದವುಗಳಲ್ಲಿ ಒಳ್ಳೊಳ್ಳೆಯ ಇಪ್ಪತ್ತು ಆರಿಸಿ ಕಳಿಸಿದೆ.

"ಎಲ್ಲಾ ಒಂದೇ ಥರ ಇದೆಯಲ್ಲ ಸರ್" ಅಂದರು. "ದೇವಸ್ಥಾನದ ಮುಂದೆ ಗಂಡು ಹೆಣ್ಣು, ಅಷ್ಟೇ. ವೆರೈಟಿ ಇದ್ರೆ ಹದಿನೈದನೇ ತಾರೀಖಿನೊಳಗೆ ಕಳಿಸಿ."

ಮೈಯೆಲ್ಲ ಉರಿಯಿತು. ವೆರೈಟಿಯಂತೆ! ನನ್ನಲ್ಲಿ ನಾಲ್ಕು ವರ್ಷದಿಂದ ಎಡಿಟಿಂಗ್ ಮಾಡುವ ಚಿತ್ರಾ ಮೆಲ್ಲಗೆ, "ಒಂದೇ ಜಾಗದಲ್ಲಿ ನಿಂತು ತೆಗೆದ್ರೆ ಹಂಗೇ ಸರ್. ಕೂತು ತೆಗೀರಿ, ಹತ್ರ ಹೋಗಿ ತೆಗೀರಿ, ಮುಖ ಬಿಟ್ಟು ಕೈ ಕಾಲು ತೆಗೀರಿ" ಅಂದಳು.

"ನೀನು ಹುಟ್ಟೋಕೆ ಮುಂಚೆ ಕ್ಯಾಮೆರಾ ಹಿಡಿದೋನು ಕಣಮ್ಮ ನಾನು" ಅಂತ ಬಾಯಿ ಮುಚ್ಚಿಸಿದೆ.

ಅಂದಿನಿಂದ ಅವಳ ವರಸೆಯೇ ಬದಲಾಯಿತು. ನಾನು ಒಳಗೆ ಬಂದರೆ ಕಂಪ್ಯೂಟರಿನಲ್ಲಿ ಬೇರೇನೋ ತೆರೆಯುತ್ತಾಳೆ. ಊಟಕ್ಕೂ ಏಳುವುದಿಲ್ಲ. ಒಂದು ದಿನ ಪೆನ್‌ಡ್ರೈವ್ ಅವಳ ಬ್ಯಾಗಿಗೆ ಹೋಗಿದ್ದನ್ನು ಕಣ್ಣಾರೆ ಕಂಡೆ. ಕೇಳಿದರೆ, "ವೇಸ್ಟ್ ಫೋಲ್ಡರ್ ಕ್ಲೀನ್ ಮಾಡ್ತಿದ್ದೀನಿ ಸರ್."

ಜೋಡಿಯನ್ನು ನಿಲ್ಲಿಸುವ ಮುಂಚೆ ಬೆಳಕು ನೋಡಲು ನಾಲ್ಕಾರು ಫೋಟೋ ಹೊಡೆಯುತ್ತೇನೆ. ಅವು ಆಲ್ಬಮ್ಮಿಗೆ ಬರುವುದಿಲ್ಲ, ಹಾಗಂತ ಅಳಿಸುವುದೂ ಇಲ್ಲ. ವರ್ಷ ಕಳೆದ ಮೇಲೆ ಯಾರಾದರೂ ಬಂದು, ತೀರಿಹೋದ ನಮ್ಮ ತಾತ ಯಾವುದರಲ್ಲಾದರೂ ಇದ್ದಾರಾ ಅಂತ ಕೇಳುತ್ತಾರೆ. ಅವೆಲ್ಲ ಬಿದ್ದಿರುವುದು ವೇಸ್ಟ್ ಫೋಲ್ಡರಿನಲ್ಲಿ. ಊಟ ಬಿಟ್ಟು ಆ ಕಸ ಗುಡಿಸುವವರು ಯಾರಿದ್ದಾರೆ?

ಹದಿನೈದನೇ ತಾರೀಖು, ಇಲ್ಲೇ ಪಕ್ಕದ ಮಾಲೇಕಲ್ಲಿನಲ್ಲಿರುವ ಅಜ್ಜಿಗೆ ಹುಷಾರಿಲ್ಲ ಅಂತ ರಜೆ ಕೇಳಿದಳು. ಕೊಟ್ಟು, ಹಿಂದೆಯೇ ಬಸ್ ಸ್ಟ್ಯಾಂಡಿಗೆ ಹೋದೆ. ಬ್ಯಾಗನ್ನು ಎದೆಗೆ ಅವುಚಿಕೊಂಡು ಅವಳು ಹತ್ತಿದ್ದು ಹಳೇಬೀಡಿನ ಬಸ್ಸು. ಇನ್ನೇನು ಬೇಕು? ಅಲ್ಲೇ ನಿಂತು ಚಿದಂಬರ ಅವರಿಗೆ ಫೋನ್ ಮಾಡಿದೆ.

"ಒಬ್ಬಳು ಹುಡುಗಿ ಬತ್ತಾಳೆ. ಅವಳು ತರೋದೆಲ್ಲ ನನ್ನ ಸ್ಟುಡಿಯೋದಲ್ಲಿ ಕದ್ದಿದ್ದು. ಕಣ್ಣೆತ್ತಿ ಕೂಡ ನೋಡಬೇಡಿ."

ಆ ದಿನ ಹೊಟ್ಟೆ ತುಂಬ ಊಟ ಮಾಡಿದೆ.

ಮರುದಿನ ಬೆಳಿಗ್ಗೆ ಚಿತ್ರಾ ಬಂದು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟಳು. ಕಣ್ಣು ಊದಿತ್ತು. "ಅಜ್ಜಿ ಹೆಸರಲ್ಲಿ ಸುಳ್ಳು ಹೇಳ್ದೆ ಸರ್, ತಪ್ಪಾಯ್ತು. ಹೋಟೆಲಿಗೆ ಹೋಗಿದ್ದೆ. ಗೇಟಲ್ಲೇ ಕಳ್ಳಿ ಅಂದ್ರು. ಎಲ್ಲರ ಮುಂದೆ ಬ್ಯಾಗ್ ತೆಗೆಸಿ ನೋಡಿದ್ರು."

ಪೆನ್‌ಡ್ರೈವ್ ಹಾಕಿ ನೋಡಿದೆ. ಹಳೇಬೀಡಿನ ಕಡೆದ ಕಂಬದ ಹೊಳಪಿನಲ್ಲಿ ಮದುಮಗಳ ಬಳೆಗಳ ಬಣ್ಣ. ಬೇಲೂರಿನ ಜಗಲಿ ಮೇಲೆ ಮಂಡಿ ನೀವಿಕೊಳ್ಳುತ್ತಿರುವ ಮುದುಕಿಯ ಕೈ. ಬಿಸಿ ಕಲ್ಲಿನ ಮೇಲೆ ಓಡುವ ಬರಿಗಾಲು. ಗೋಡೆಯ ಆನೆಗಳ ಸಾಲಿಗೆ ಅಡ್ಡವಾಗಿ ನನ್ನದೇ ನೆರಳು. ಒಂದರಲ್ಲೂ ಗಿರಾಕಿಗಳ ಮುಖವಿಲ್ಲ, ಒಂದರಂತೆ ಇನ್ನೊಂದಿಲ್ಲ. ಎಲ್ಲವೂ ನಾನು ಬೆಳಕು ನೋಡಲು ಹೊಡೆದವು. ಪ್ರತಿಯೊಂದರ ಕೆಳಗೂ ಬರೆದಿತ್ತು: ಫೋಟೋ, ಭೀಮರಾಜ್.

"ಮುಂಚೆ ಹೇಳಿದ್ರೆ ಬೈತಿದ್ರಿ. ಸೆಲೆಕ್ಟ್ ಆದ್ಮೇಲೆ ಹೇಳೋಣ ಅಂತಿದ್ದೆ."

ಗಡಿಬಿಡಿಯಲ್ಲಿ ಚಿದಂಬರ ಅವರಿಗೆ ಫೋನ್ ಹಚ್ಚಿದೆ.

"ನಿನ್ನೆ ಸಂಜೇನೇ ಆ ಕೆಲಸ ಹಾಸನದ ಸ್ಟುಡಿಯೋದೋರಿಗೆ ಕೊಟ್ಟುಬಿಟ್ಟೆವು ಸರ್. ನೋಡಬೇಡಿ ಅಂದೋರು ನೀವೇ ಅಲ್ವಾ?"

ಫೋನ್ ಇಟ್ಟೆ.

"ನಾನು ಕಳ್ಳಿ ಅಂತ ಯಾರು ಹೇಳಿದ್ದಂತೆ ಸರ್?" ಚಿತ್ರಾ ಕೇಳಿದಳು.

"ನಾನೇ ಕಣಮ್ಮ."

ಬ್ಯಾಗ್ ಎತ್ತಿಕೊಂಡು ಬಾಗಿಲವರೆಗೆ ಹೋದವಳು ವಾಪಸ್ ಬಂದಳು. ಜಿಪ್ ಪೂರ್ತಿ ಎಳೆದು, ಬ್ಯಾಗನ್ನು ತೆರೆದು ನನ್ನ ಮುಂದೆ ಹಿಡಿದಳು.

"ನೋಡ್ಕೊಂಡುಬಿಡಿ ಸರ್, ಹೊರಡ್ತೀನಿ."